ಎರಡನೇ ಲಾಂಚಿನಲ್ಲಿ ಸಾಮಾನ್ಯ ಸಭೆ

ನಮ್ಮೂರಿನ ಪುರಸಭೆಯ ಮೇಜಿನ ಮೇಲೆ ಒಂದು ಕಂಚಿನ ಗಂಟೆಯಿದೆ, ಒಂದು ಉಕ್ಕಿನ ಗಂಟೆಯಿದೆ. ಎರಡನ್ನೂ ಬಾರಿಸುವ ಕೆಲಸ ನನ್ನದು. ಕಂಚಿನ ಗಂಟೆ ಬಾರಿಸಿದರೆ ಮೇಜಿನ ಸುತ್ತ ಕೂತ ಒಂಬತ್ತು ಮಂದಿ ಪುರಸಭೆಯ ಸದಸ್ಯರಾಗುತ್ತಾರೆ. ಉಕ್ಕಿನದನ್ನು ಬಾರಿಸಿದರೆ ಅದೇ ಒಂಬತ್ತು ಮಂದಿ, ಅದೇ ಕುರ್ಚಿಗಳಲ್ಲಿ, ಲಾಂಚ್ ಕಂಪನಿಯ ನಿರ್ದೇಶಕರಾಗುತ್ತಾರೆ. ಕಂಪನಿ ಪುರಸಭೆಯದೇ, ನೂರಕ್ಕೆ ನೂರು ಪಾಲು ಊರಿನದು. ಆದರೆ ಕಂಚಿನ ಗಂಟೆಯಲ್ಲಿ ಕೇಳಿದ್ದು ಉಕ್ಕಿನ ಗಂಟೆಯಲ್ಲಿ ನೆನಪಿರುವುದಿಲ್ಲ. ಉಕ್ಕಿನದರಲ್ಲಿ ಕೇಳಿದ್ದು ಕಂಚಿನದರಲ್ಲಿ ನೆನಪಿರುವುದಿಲ್ಲ. ಸಭೆ ಮುಗಿಯಿತೆಂದು ಎರಡು ಬಾರಿ ಬಾರಿಸಿದೆನೆಂದರೆ ಎರಡೂ ಹೋಗುತ್ತವೆ, ಉದ್ದಿನವಡೆಯ ರುಚಿಯೊಂದನ್ನು ಬಾಯಲ್ಲಿಟ್ಟುಕೊಂಡು ಮನೆಗೆ ನಡೆಯುತ್ತಾರೆ. ಮುಂದಿನ ಸಭೆಯಲ್ಲಿ ಗಂಟೆ ಬಾರಿಸಿದಾಗ ಬಿಟ್ಟಲ್ಲಿಂದ ಎಲ್ಲ ಮತ್ತೆ ಬರುತ್ತದೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಅರ್ಜಿ ಕೊಡುವವರು ಎರಡು ಪ್ರತಿ ತರುತ್ತಾರೆ. ಸದಸ್ಯರ ಹೆಂಡತಿಯರು ಸಭೆಯಲ್ಲಿ ಏನಾಯಿತೆಂದು ಕೇಳುವುದಿಲ್ಲ. ಗಂಡನ ಅಂಗಿಯ ಬೆನ್ನು ಬೆವತಿದೆಯೇ ಎಂದು ನೋಡಿ, ಬೆವತಿದ್ದರೆ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಾರೆ. ನದಿಕೇರಿಯ ಸದಸ್ಯೆ ಪುಟ್ಟಗೌರಮ್ಮ ಮುಖ್ಯವಾದ ವಿಷಯ ಬಂದಾಗ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ. ಹೊರಗೆ ಬಂದು ಆ ಗಂಟನ್ನು ಹಿಡಿದುಕೊಂಡು ನನ್ನ ಮುಖ ನೋಡುತ್ತಾರೆ. "ಇದ್ಯಾಕವ್ವಾ ಹಾಕ್ಕಂಡೆ ನಾನು?"

"ಗೊತ್ತಿಲ್ಲಮ್ಮಾ" ಎನ್ನುತ್ತೇನೆ. ನನಗೆ ಗೊತ್ತಿರುತ್ತದೆ.

ನನಗೆ ಆ ಮೇಜಿನಲ್ಲಿ ಓಟಿಲ್ಲ, ಆದ್ದರಿಂದ ಮರೆವೂ ಇಲ್ಲ. ನಾನು ನಡಾವಳಿ ಬರೆಯುವವಳು. ಏಳು ವರ್ಷದಿಂದ ಒಂದು ಕೆಂಪು ಪುಸ್ತಕದಲ್ಲಿ ಪುರಸಭೆಯ ಮಾತುಗಳನ್ನೂ ಒಂದು ನೀಲಿ ಪುಸ್ತಕದಲ್ಲಿ ಕಂಪನಿಯ ಮಾತುಗಳನ್ನೂ ಬರೆಯುತ್ತಿದ್ದೇನೆ. ನೀಲಿ ಪುಸ್ತಕದ ಮಾತನ್ನು ಹೊರಗೆ ಆಡಕೂಡದೆಂದು ಕೆಲಸಕ್ಕೆ ಸೇರಿದ ದಿನ ಪ್ರಮಾಣ ಮಾಡಿಸಿದ್ದರು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಶೇಷಾಚಲಯ್ಯನವರು ಒಮ್ಮೆ ಆಡಿದರು. ಆರು ತಿಂಗಳು ಸೆರೆಮನೆಯಲ್ಲಿದ್ದು ಬಂದು, ಈಗ ಯಾರಾದರೂ ಗಂಟೆಯೆಷ್ಟು ಎಂದು ಕೇಳಿದರೂ ಆಚೀಚೆ ನೋಡುತ್ತಾರೆ.

ಯುಗಾದಿ ಕಳೆದ ಮೇಲೆ, ಒಂದು ಉಕ್ಕಿನ ಗಂಟೆಯ ಸಭೆಗೆ ದೋಣಿ ಮೇಸ್ತ್ರಿ ಬುಡನ್‌ಸಾಬ್ ಬಂದರು. ಕಂಪನಿಯ ಎರಡನೇ ಲಾಂಚಿನ ಅಡಿ ಪರೀಕ್ಷಿಸಲು ಅವರನ್ನು ಕರೆಸಿದ್ದರು. ಎರಡನೇ ಲಾಂಚು ಬೆಳಿಗ್ಗೆ ಎಂಟಕ್ಕೆ ಆಚೆ ದಡಕ್ಕೆ ಹೋಗುವುದು. ಊರಿನ ಹೈಸ್ಕೂಲೂ ಹೆರಿಗೆ ಆಸ್ಪತ್ರೆಯೂ ಆಚೆ ದಡದಲ್ಲಿವೆ. ಮೇಸ್ತ್ರಿ ಒಂದು ಹಲಗೆಯ ತುಂಡನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಹಲಗೆಯೊಳಕ್ಕೆ, ನೀರಲ್ಲಿ ನೆನೆದ ರೊಟ್ಟಿಗೆ ಇಳಿದ ಹಾಗೆ ಇಳಿಯಿತು.

"ಅಡಿ ಪೂರಾ ಹಿಂಗೇ ಸ್ವಾಮಿ. ಬಣ್ಣ ಹಿಡ್ಕಂಡೈತೆ, ಮರ ಅಲ್ಲ. ನಾಳೆ ಹೋಗ್ತದೋ, ಆರು ತಿಂಗ್ಳಿಗೆ ಹೋಗ್ತದೋ, ಅಲ್ಲಾನೇ ಬಲ್ಲ."

ಅಧ್ಯಕ್ಷ ತಿಪ್ಪೇರುದ್ರಯ್ಯನವರು ಆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂಬತ್ತು ಮಂದಿಯ ಕೈಗೂ ಅದು ಹೋಯಿತು. ಪುಟ್ಟಗೌರಮ್ಮ ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ತೀರ್ಮಾನಗಳಾದವು. ನಾನೇ ಬರೆದದ್ದು, ಒಂದಕ್ಷರವೂ ಮರೆತಿಲ್ಲ: ಹೊಸ ಲಾಂಚು ಕೊಳ್ಳಲು ಮಾಲೀಕರ ಅನುಮತಿ ಬೇಕಾದ್ದರಿಂದ, ಮಾಲೀಕರಾದ ಪುರಸಭೆಗೆ ಕಾಗದ ಬರೆಯತಕ್ಕದ್ದು. ವ್ಯವಹಾರದ ಗುಟ್ಟನ್ನು ಕಾಪಾಡುವ ಸಲುವಾಗಿ ಕಾಗದದಲ್ಲಿ ಕಾರಣವನ್ನು ತಿಳಿಸತಕ್ಕದ್ದಲ್ಲ. ಅಲ್ಲಿಯವರೆಗೆ ಎರಡನೇ ಲಾಂಚಿಗೆ ನೀಲಿ ಬಣ್ಣ ಬಳಿಸತಕ್ಕದ್ದು. ಮೇಸ್ತ್ರಿಯ ಕೈಯಲ್ಲೂ ಗುಟ್ಟಿನ ಕಾಗದಕ್ಕೆ ರುಜು ಹಾಕಿಸಿದರು. ಅವರು ಅಂದಿನಿಂದ ಲಾಂಚು ಹತ್ತಿಲ್ಲ. ಮಗಳ ಮನೆ ಆಚೆ ದಡದಲ್ಲಿದ್ದರೂ ಹತ್ತಿಲ್ಲ.

ಕಂಪನಿಯ ಕಾಗದವನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ನಾನು ಅದನ್ನು ಲಕೋಟೆಗೆ ಹಾಕಿ, ಕಟ್ಟಡದ ಹೊರಗಿನ ಅಂಚೆ ಡಬ್ಬಕ್ಕೆ ಹಾಕಿದೆ. ಒಂಬತ್ತು ದಿನಕ್ಕೆ ಅದು ಅದೇ ಮೇಜಿಗೆ ಬಂತು. ಕಂಚಿನ ಗಂಟೆ ಬಾರಿಸಿದೆ. ತಿಪ್ಪೇರುದ್ರಯ್ಯನವರು ಲಕೋಟೆ ಒಡೆದು, ತಮ್ಮದೇ ರುಜುವಿನ ಕಾಗದವನ್ನು ಓದಿ, ಕನ್ನಡಕ ತೆಗೆದರು.

"ಏನ್ರೀ ಇದು? ಹೊಸ ಲಾಂಚು ಬೇಕಂತೆ. ಯಾಕೆ ಅಂತ ಹೇಳೋ ಸೌಜನ್ಯ ಬೇಡ್ವಾ ಈ ಕಂಪನಿಯೋರಿಗೆ? ಊರಿನ ದುಡ್ಡು ಅಂದ್ರೆ ಅಪ್ಪನ ಮನೆ ಗಂಟಾ?"

"ಹೋದ ವಾರ ತಾನೇ ಬಣ್ಣ ಹೊಡ್ಸವ್ರೆ. ಎಷ್ಟು ಚೆಂದಾಗದೆ!" ಎಂದರು ಪುಟ್ಟಗೌರಮ್ಮ.

ಅನುಮತಿ ನಿರಾಕರಿಸಲಾಯಿತು. ಬಣ್ಣ ಬಳಿಸಿದ್ದಕ್ಕಾಗಿ ಕಂಪನಿಗೆ ಅಭಿನಂದನೆ ಸಲ್ಲಿಸುವ ನಿರ್ಣಯವೊಂದನ್ನು ಸರ್ವಾನುಮತದಿಂದ ಅಂಗೀಕರಿಸಿದರು. ಅದನ್ನೂ ನಾನೇ ಬರೆದೆ. ಬರೆಯುವಾಗ ಲೇಖನಿಯ ಮುಳ್ಳು ಕಾಗದವನ್ನು ಹರಿಯಿತು. ಆ ಪುಟದಲ್ಲಿ ಈಗಲೂ ಒಂದು ತೂತಿದೆ.

ನನ್ನ ತಂಗಿ ಮಾಲಿನಿ ಆಚೆ ದಡದ ಹೈಸ್ಕೂಲಿನಲ್ಲಿ ಟೀಚರು. ದಿನಾ ಬೆಳಿಗ್ಗೆ ಎಂಟರ ಲಾಂಚಿಗೆ, ಈಚೆ ದಡದ ನಲವತ್ತು ಮಕ್ಕಳ ಜೊತೆ ಹೋಗುತ್ತಾಳೆ. ಅವತ್ತು ರಾತ್ರಿಯ ಊಟಕ್ಕೆ ಕೂತಾಗ ಹೇಳಿದೆ, "ನಾಳೆಯಿಂದ ಆರೂವರೆಯ ಒಂದನೇ ಲಾಂಚಿಗೆ ಹೋಗು."

"ಆರೂವರೆಗೆ ಹೋಗಿ ಶಾಲೆ ಗೇಟು ಕಾಯ್ಲಾ? ಮಕ್ಕಳನ್ನ ಯಾರು ಕರ್ಕೊಂಡು ಬರ್ತಾರೆ?"

"ಮಕ್ಕಳನ್ನೂ ಕರೆದುಕೊಂಡು ಹೋಗು."

"ಯಾಕೆ?"

ನಾನು ಅನ್ನ ಕಲೆಸಿದೆ. ಮಾಲಿನಿ ನಗುತ್ತಾ ಹುಳಿಯ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. "ಅಕ್ಕಾ, ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಸಿಡಿಯುತ್ತೆ ಅಂದೆ. ಅದಕ್ಕೆ ಮುಂಚೆ ಫ್ಯಾನ್ ಬೀಳುತ್ತೆ ಅಂತ ಮಂಚ ಸರಿಸಿದೆ. ಈಗ ಲಾಂಚಾ? ಊಟ ಮಾಡು."

ಅವಳನ್ನು ದೂರಲಾರೆ. ನಾನು ಹೊರಗೆ ಹೊರಟರೆ ಬೀಗವನ್ನು ಮೂರು ಸಲ ಜಗ್ಗಿ ನೋಡುವವಳು. ಬದುಕೆಲ್ಲ ಸುಮ್ಮಸುಮ್ಮನೆ ಹೆದರಿದವಳ ಬಾಯಲ್ಲಿ ನಿಜವಾದ ಹೆದರಿಕೆ ಬಂದಾಗ ಅದಕ್ಕೆ ಬೇರೆ ದನಿ ಇರುವುದಿಲ್ಲ. ಮರುದಿನ ಬೆಳಿಗ್ಗೆ ಲಾಂಚು ಹತ್ತಿಳಿಯುವ ಕಡವಿಗೆ ಹೋಗಿ ನಿಂತೆ. ಹೊಳೆಯುವ ನೀಲಿ ಲಾಂಚು ಹೋಗಿ ಆಚೆ ದಡ ಮುಟ್ಟುವವರೆಗೆ ನಿಂತೆ. ಆಮೇಲೆ ದಿನಾ ನಿಂತೆ. ಮಧ್ಯದಲ್ಲಿ ಡ್ರೈವರ್ ಡಬ್ಬಿಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುವುದು ಕಾಣುತ್ತಿತ್ತು. ಮೊದಲ ವಾರ ಆರು ಡಬ್ಬಿ. ಆಷಾಢದ ಹೊತ್ತಿಗೆ ಇಪ್ಪತ್ತು. ನದಿ ಅಂದಮೇಲೆ ಲಾಂಚಿಗೆ ನೀರು ಬರುತ್ತದೆ ಎಂದುಕೊಂಡು ಜನ ಕಾಲೆತ್ತಿ ಕೂರುತ್ತಿದ್ದರು.

ಅಷ್ಟರಲ್ಲಿ ಕಾಗದಗಳು ಎರಡು ಸಲ ಹೋಗಿ ಬಂದಿದ್ದವು. ಪುರಸಭೆ ಕಾರಣ ಕೇಳಿತು. ಕಂಪನಿ, ಕಾರಣ ಕೇಳುವುದು ತನ್ನ ದಿನನಿತ್ಯದ ಆಡಳಿತದಲ್ಲಿ ಮಾಲೀಕರು ಕೈಹಾಕಿದಂತೆ ಎಂದು ಖಂಡಿಸಿತು. ನಾನು ವಕೀಲ ವೆಂಕೋಬರಾಯರ ಮನೆಗೆ ಹೋದೆ. ಅವರು ಪುರಸಭೆಗೂ ವಕೀಲರು, ಕಂಪನಿಗೂ ವಕೀಲರು. ಅವರಿಗೂ ಓಟಿಲ್ಲ. ಎರಡೂ ಕಡೆಯದು ನೆನಪಿರುವವರು ಊರಿನಲ್ಲಿ ನಾವಿಬ್ಬರೇ.

ರಾಯರು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಇಂದುಮತೀ, ನೀನು ಓದಿದೋಳು. ಯೋಚನೆ ಮಾಡು. ಗೊತ್ತಿದ್ದೂ ಸುಮ್ಮನಿದ್ರೆ ಪುರಸಭೆ ತಪ್ಪಿತಸ್ಥ. ಪುರಸಭೆಗೆ ಗೊತ್ತೇ ಇಲ್ಲ. ಕಂಪನಿಗೆ ಗೊತ್ತು, ಆದ್ರೆ ಮಾಲೀಕರ ಅನುಮತಿ ಇಲ್ಲ. ಅದೂ ತಪ್ಪಿತಸ್ಥ ಅಲ್ಲ. ಈ ಏರ್ಪಾಟು ಮಾಡಿದೋರು ದಡ್ಡರಲ್ಲ ಕಣಮ್ಮ. ನಲವತ್ತು ವರ್ಷ ಆಯ್ತು, ಈ ಊರಿನ ಮೇಲೆ ಒಂದು ಕೇಸು ನಿಂತಿಲ್ಲ."

"ಲಾಂಚು ಮುಳುಗಿದರೆ ತಪ್ಪು ಯಾರದ್ದು ಸಾರ್?"

ರಾಯರು ಎಲೆಯನ್ನು ಮಡಿಚಿ ದವಡೆಗೆ ಒತ್ತರಿಸಿದರು. "ನದೀದು" ಎಂದರು.

ನಾನು ಎದ್ದು ನಿಂತೆ. ಹೆದರಿಕೆ ನನಗೆ ಪರಿಚಯ, ಇದು ಅದಲ್ಲ. ರಾಯರು ಹಿಂದಿನಿಂದ ಕೂಗಿ ಹೇಳಿದರು, "ಶೇಷಾಚಲಯ್ಯನ್ನ ಜ್ಞಾಪಕ ಇಟ್ಕೋ. ಹಾಗೇ ಹೋಗ್ತಾ ಸಾಮಾನ್ಯ ಸಭೆ ನೋಟೀಸು ತಯಾರು ಮಾಡ್ಬಿಡು. ಶ್ರಾವಣದೊಳಗೆ ಆಗ್ಬೇಕು."

ಸಾಮಾನ್ಯ ಸಭೆಯೆಂದರೆ ವರ್ಷಕ್ಕೊಮ್ಮೆ ಕಂಪನಿ ತನ್ನ ಮಾಲೀಕರಿಗೆ ವರದಿ ಒಪ್ಪಿಸುವ ಸಭೆ. ಮೊದಲು ಉಕ್ಕಿನ ಗಂಟೆ. ತಿಪ್ಪೇರುದ್ರಯ್ಯನವರು ಕಂಪನಿಯ ಅಧ್ಯಕ್ಷರಾಗಿ ಎದುರಿನ ಖಾಲಿ ಕುರ್ಚಿಗೆ ಕೈಮುಗಿದು ವರದಿ ಓದುತ್ತಾರೆ. ಆಮೇಲೆ ಅದನ್ನು ಮುಗಿಸಿ ಕಂಚಿನ ಗಂಟೆ. ಈಗ ಅವರೇ ಆ ಕುರ್ಚಿಗೆ ಹೋಗಿ ಕೂತು, ಪುರಸಭೆಯ ಪರವಾಗಿ ವರದಿಯನ್ನು ಒಪ್ಪಿ, ಬಿಟ್ಟುಬಂದ ಕುರ್ಚಿಗೆ ವಂದನೆ ಹೇಳುತ್ತಾರೆ. ನಾನು ಏಳು ಸಲ ಇದನ್ನು ನೋಡಿದ್ದೇನೆ. ಒಂದು ಸಲವೂ ಯಾರೂ ನಕ್ಕಿಲ್ಲ.

ಮನೆಗೆ ಬಂದು ಕಂಪನಿಯ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಸಭೆಯನ್ನು ಕಂಪನಿಯ ಯಾವುದೇ ಸ್ವತ್ತಿನಲ್ಲಿ ನಡೆಸಬಹುದು. ಹೊರಡಿಸಿದ ನೋಟೀಸನ್ನು ಇಪ್ಪತ್ತೊಂದು ದಿನದವರೆಗೆ ಯಾರೂ ತಿದ್ದುವಂತಿಲ್ಲ. ಗಂಟೆಯನ್ನು ನಡಾವಳಿ ಬರೆಯುವವರ ಹೊರತು ಬೇರೆ ಯಾರೂ ಬಾರಿಸುವಂತಿಲ್ಲ. ಒಂದು ಸಭೆ ಮುಗಿಯದೆ ಇನ್ನೊಂದನ್ನು ತೆರೆಯುವಂತಿಲ್ಲ. ಎಲ್ಲವೂ ವೆಂಕೋಬರಾಯರೇ ಬರೆದ ಸಾಲುಗಳು, ಒಳ್ಳೆಯ ಬಿಗಿಯಾದ ಕನ್ನಡ. ನೋಟೀಸಿನಲ್ಲಿ ಪ್ರತಿವರ್ಷ 'ಸ್ಥಳ: ಪುರಸಭೆಯ ಸಭಾಂಗಣ' ಎಂದು ಬರೆಯುತ್ತಿದ್ದೆ. ಈ ಸಲ ಬರೆದೆ: 'ಸ್ಥಳ: ಕಂಪನಿಯ ಎರಡನೇ ಲಾಂಚು, ಪಟ್ಟಣದ ಕಡವು. ಸಮಯ: ಬೆಳಿಗ್ಗೆ ಏಳು ಮುಕ್ಕಾಲು.' ತಿಪ್ಪೇರುದ್ರಯ್ಯನವರು ಒಂದು ನಾಮಕರಣದ ಚಪ್ಪರದಲ್ಲಿ ಸಿಕ್ಕರು. ಯಾವ ಗಂಟೆಯೂ ಇಲ್ಲದ ಹೊತ್ತು. ಅವರು ನೋಟೀಸನ್ನು ಓದಿಯೇ ರುಜು ಹಾಕಿದರು. "ಲಾಂಚಿನಲ್ಲಾ? ಒಳ್ಳೇ ಯೋಚನೆ ಕಣಮ್ಮ. ಫೋಟೋ ಚೆನ್ನಾಗಿ ಬರುತ್ತೆ."

ರಾಯರು ನೋಟೀಸನ್ನು ನೋಡಿದ್ದು ಎರಡು ದಿನದ ಮೇಲೆ, ಫಲಕಕ್ಕೆ ಅಂಟಿಸಿದ ಮೇಲೆ. ಸ್ಥಳದ ಸಾಲಿನ ಮೇಲೆ ಬೆರಳಿಟ್ಟು ಓದಿ, ನನ್ನನ್ನು ನೋಡಿ ಹೋದರು. ಆ ಇಪ್ಪತ್ತೊಂದು ದಿನ ನಾನು ಹೇಗೆ ಕಳೆದೆನೆಂದು ಬರೆಯುವುದಿಲ್ಲ. ಪ್ರತಿದಿನ ಬೆಳಿಗ್ಗೆ ಕಡವಿನಲ್ಲಿ ನಿಂತು ಡಬ್ಬಿ ಎಣಿಸುತ್ತಿದ್ದೆ ಎಂದಷ್ಟೇ ಹೇಳುತ್ತೇನೆ.

ಸಭೆಯ ದಿನ ಲಾಂಚಿಗೆ ಬಾಳೆಕಂಬ ಕಟ್ಟಿದ್ದರು. ಎಂಟರ ಲಾಂಚಿಗೆ ಕಾದವರ ಸಾಲು ಎಂದಿನಂತೆ ದಡದಲ್ಲಿ ನಿಂತಿತ್ತು. ಮುಂದೆ ಮಾಲಿನಿ, ಅವಳ ಹಿಂದೆ ಎರಡೆರಡಾಗಿ ಮಕ್ಕಳು, ಅವರ ಹಿಂದೆ ಬುಟ್ಟಿ ಹೊತ್ತ ಸೊಪ್ಪಿನ ಈರಕ್ಕ, ಒಬ್ಬ ತುಂಬು ಬಸುರಿ, ಅವಳ ಅತ್ತೆ. ಒಂಬತ್ತು ಮಂದಿ ಬಿಳಿ ಬಟ್ಟೆಯಲ್ಲಿ ಬಂದು, ಜನಕ್ಕೆ ಕೈಮುಗಿದು, ಒಬ್ಬೊಬ್ಬರಾಗಿ ಹಲಗೆ ದಾಟಿ ಲಾಂಚಿನಲ್ಲಿ ಕೂತರು. ಉಕ್ಕಿನ ಗಂಟೆಯನ್ನೂ ನೀಲಿ ಪುಸ್ತಕವನ್ನೂ ಹಿಡಿದುಕೊಂಡು ನಾನೂ ಹತ್ತಿದೆ. ಕಟ್ಟಿದ ಹಗ್ಗ ಬಿಚ್ಚಬೇಡ ಎಂದು ಡ್ರೈವರನಿಗೆ ಮೂರು ಸಲ ಹೇಳಿದೆ. ವೆಂಕೋಬರಾಯರು ಮಾತ್ರ ದಡದಲ್ಲೇ ನಿಂತರು.

"ಬನ್ನಿ ರಾಯರೇ" ಎಂದು ತಿಪ್ಪೇರುದ್ರಯ್ಯನವರು ಕರೆದರು.

"ನಾನು ಇಲ್ಲೇ ಇರ್ತೀನಿ. ಮಂಡಿನೋವು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಬೇಡ ಇಂದುಮತೀ. ಮಳೆ ಬರೋ ಹಾಗಿದೆ ಅಂತ ಮುಂದೂಡು" ಎಂದರು.

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನಾನು ಉಕ್ಕಿನ ಗಂಟೆ ಬಾರಿಸಿದೆ.

ಮೊದಲು ಪುಟ್ಟಗೌರಮ್ಮನ ಮುಖ ಬದಲಾಯಿತು. ಅವರು ತಮ್ಮ ಪಾದಗಳ ಕಡೆ ನೋಡಿದರು. ಹಲಗೆಗಳ ಸಂದಿನಲ್ಲಿ ನೀರು ಮಿಣಮಿಣ ಎನ್ನುತ್ತಿತ್ತು. "ಅಯ್ಯೋ ನಮ್ಮಪ್ಪಾ" ಎಂದು ಎರಡೂ ಕಾಲು ಎತ್ತಿ ಬೆಂಚಿನ ಮೇಲೆ ಹತ್ತಿ ನಿಂತರು. ಆಮೇಲೆ ಒಂಬತ್ತೂ ಮಂದಿ ಒಟ್ಟಿಗೆ ಎದ್ದರು. ಲಾಂಚು ಒಂದು ಕಡೆಗೆ ವಾಲಿತು. ಒಬ್ಬರು ಇನ್ನೊಬ್ಬರ ಪಂಚೆ ತುಳಿದರು, ಒಬ್ಬರು ಬಾಳೆಕಂಬವನ್ನು ಅಪ್ಪಿಕೊಂಡರು. ತಿಪ್ಪೇರುದ್ರಯ್ಯನವರು ಪುಟ್ಟಗೌರಮ್ಮನನ್ನು ಮೊಣಕೈಯಿಂದ ತಳ್ಳಿ ಮೊದಲು ಹಲಗೆಗೆ ಹಾರಿದರು, ಅವರ ಒಂದು ಚಪ್ಪಲಿ ನೀರಿಗೆ ಬಿತ್ತು. ಐದು ತಿಂಗಳು ನಲವತ್ತು ಮಕ್ಕಳನ್ನು ಕೂರಿಸಿ ಕಳಿಸಿದ ಲಾಂಚಿನಲ್ಲಿ ಅವರು ತಾವು ಐದು ನಿಮಿಷ, ಅದೂ ದಡಕ್ಕೆ ಕಟ್ಟಿ ಹಾಕಿರುವಾಗ, ಕೂರಲಾರದೆ ಹೋದರು. ನಾನು ಕೂತೇ ಇದ್ದೆ. ನೀಲಿ ಪುಸ್ತಕದಲ್ಲಿ, ಇಳಿದವರ ಹೆಸರುಗಳನ್ನು ಇಳಿದ ಕ್ರಮದಲ್ಲಿ ಬರೆದೆ. ಆಮೇಲೆ ಇಳಿದೆ.

ಈರಕ್ಕ ಬುಟ್ಟಿ ಕೆಳಗಿಳಿಸಿದಳು.

"ಯಾಕ್ ಬುದ್ಧೀ, ಇಳ್ದ್‌ಬಿಟ್ರಿ?"

ತಿಪ್ಪೇರುದ್ರಯ್ಯನವರು ಏದುಸಿರು ಬಿಡುತ್ತಿದ್ದರು. "ಅದು... ಕಂಪನಿ ವಿಷಯಮ್ಮ. ವ್ಯವಹಾರದ ಗುಟ್ಟು."

"ಹಂಗಾರೆ ಹತ್ತಿ. ನೀವ್ ಹತ್ತುದ್ರೆ ನಾವೂ ಹತ್ತೀವಿ."

ಅವರು ಹತ್ತಲಿಲ್ಲ. ಒಂಬತ್ತರಲ್ಲಿ ಒಬ್ಬರೂ ಹತ್ತಲಿಲ್ಲ. ಬಸುರಿಯ ಅತ್ತೆ ಸೊಸೆಯ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಮಾಲಿನಿ ಅಧ್ಯಕ್ಷರನ್ನು ನೋಡಿದಳು, ನನ್ನನ್ನು ನೋಡಿದಳು. ಮಕ್ಕಳ ಕಡೆ ತಿರುಗಿ, ತರಗತಿಯಲ್ಲಿ ಆಡುವ ದನಿಯಲ್ಲಿ, "ಎಲ್ಲರೂ ಹಿಂದೆ ತಿರುಗಿ. ಕೈ ಕೈ ಹಿಡ್ಕೊಳ್ಳಿ. ಮನೆಗೆ ನಡೀರಿ" ಎಂದಳು.

ವೆಂಕೋಬರಾಯರು ನನ್ನ ಹತ್ತಿರ ಬಂದರು. ಮಂಡಿನೋವಿನ ಸುಳಿವಿರಲಿಲ್ಲ. "ಆಯ್ತಲ್ಲ, ನಿನ್ನ ಆಸೆ ಪೂರೈಸ್ತು. ಈಗ ಎರಡು ಸಲ ಬಾರಿಸಿ ಸಭೆ ಮುಗಿಸು. ಇವರು ಮರೀತಾರೆ. ಜನಕ್ಕೆ ನಾನು ಏನಾದ್ರೂ ಹೇಳ್ತೀನಿ."

"ಮುಗಿಸಮ್ಮಾ" ಎಂದರು ತಿಪ್ಪೇರುದ್ರಯ್ಯನವರೂ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. "ದಮ್ಮಯ್ಯ, ಬಾರಿಸಿಬಿಡು."

ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ವರದಿ ಓದುವುದು ಬಾಕಿ ಇದೆ ಸಾರ್. ಓದಿ, ಮುಗಿಸುತ್ತೇನೆ. ಇಲ್ಲೇ, ಇವರೆದುರಿಗೆ ಓದಿ." ಯಾರೂ ಓದಲಿಲ್ಲ. ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಇವತ್ತಿಗೆ ಹನ್ನೆರಡು ದಿನ. ಸಭೆ ನಡೆಯುತ್ತಲೇ ಇದೆ, ಒಂಬತ್ತರಲ್ಲಿ ಒಬ್ಬರೂ ಮರೆತಿಲ್ಲ. ನನ್ನನ್ನು ಕೆಲಸದಿಂದ ತೆಗೆಯಬೇಕಾದರೆ ಪುರಸಭೆ ಸೇರಬೇಕು. ಈ ಸಭೆ ಮುಗಿಯದೆ ಅದು ಸೇರುವಂತಿಲ್ಲ. ರಾಯರು ತಮ್ಮದೇ ನಿಯಮಾವಳಿಯನ್ನು ಹಗಲೂ ರಾತ್ರಿ ತಿರುವಿ ಹಾಕುತ್ತಿದ್ದಾರಂತೆ. ಎರಡನೇ ಲಾಂಚನ್ನು ಮರುದಿನವೇ ದಡಕ್ಕೆ ಎಳೆದು ಒಡೆದರು. ಅದಕ್ಕೆ ಮಾಲೀಕರ ಅನುಮತಿ ಬೇಕಾಗಲಿಲ್ಲ. ಮಾಲಿನಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಕೇಳಿದಳು, "ಐದು ತಿಂಗಳು ಅಕ್ಕಾ. ಹೇಗೆ ಸುಮ್ಮನಿದ್ದೆ?" ಪ್ರಮಾಣ ಎಂದೆ, ಸೆರೆಮನೆ ಎಂದೆ. ಹೇಳುತ್ತಿದ್ದಂತೆ ಆ ಮಾತುಗಳು ರಾಯರ ಬಾಯಿಂದ ಬಂದ ಹಾಗೆ ಕೇಳಿಸಿದವು. ಅರ್ಧಕ್ಕೆ ನಿಲ್ಲಿಸಿದೆ.

ಈ ಮಧ್ಯಾಹ್ನ ತಿಪ್ಪೇರುದ್ರಯ್ಯನವರು ನಮ್ಮ ಮನೆಗೆ ಬಂದರು. ಒಬ್ಬರೇ ಬಂದಿದ್ದರು. ಗಡ್ಡ ಬೆಳೆದಿತ್ತು. ಒಳಗೆ ಕರೆದೆ, ಬರಲಿಲ್ಲ. ಹೊಸಿಲ ಹೊರಗೇ ನಿಂತರು.

"ನಿದ್ದೆ ಬರ್ತಿಲ್ಲಮ್ಮ. ಮೊಮ್ಮಗಳೂ ಅದೇ ಲಾಂಚಿನಲ್ಲಿ ಹೋಗ್ತಿದ್ಲು. ಎಷ್ಟೋ ದಿನ ನಾನೇ ಕೈಹಿಡಿದು ಹತ್ತಿಸಿದೀನಿ. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿತ್ತು ಸಾರ್" ಎಂದೆ. "ಹಲಗೆ ತುಂಡು ನಿಮ್ಮ ಕೈಯಲ್ಲಿದ್ದಾಗ ಗೊತ್ತಿತ್ತು. ಆ ಗಂಟೆ ಪುರಸಭೆಯನ್ನ ಮರೆಸುತ್ತೆ, ಮೊಮ್ಮಗಳನ್ನ ಮರೆಸಲ್ಲ. ಬಣ್ಣ ಬಳಿಸತಕ್ಕದ್ದು ಅಂದಾಗ ಅವಳು ಆ ಲಾಂಚಿಗೇ ಹೋಗೋದು ಅಂತ ನೆನಪಿತ್ತು ನಿಮಗೆ. ಸಂಜೆ ಎರಡು ಸಲ ಬಾರಿಸಿದರೆ ಹೋಗಿಬಿಡುತ್ತೆ ಅಂತಲೂ ಗೊತ್ತಿತ್ತು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕುಡಿಯಲು ನೀರು ಕೊಟ್ಟೆ. ಕುಡಿದು, ಲೋಟವನ್ನು ಕೆಳಗಿಟ್ಟು, ಅದನ್ನೇ ನೋಡುತ್ತಾ ಹೇಳಿದರು, "ಒಂದನೇ ಲಾಂಚಿನ ಎಂಜಿನ್ನಿನದೂ ಅಂಥದೇ ಒಂದು ವರದಿ ಇದೆ."

"ಇದೆ. ಆಷಾಢದಲ್ಲಿ ಬಂದದ್ದು, ನಾನೇ ಬರೆದದ್ದು."

"ಈಗ ಎಲ್ರೂ ಅದರಲ್ಲೇ ಹೋಗ್ತಿದಾರೆ."

"ಹೌದು."

"ಏನ್ ಮಾಡ್ಲಿ ಹೇಳು."

"ಮೂರು ಗಂಟೆಯ ಲಾಂಚಿಗೆ ಜನ ಈಗ ಕಡವಿನಲ್ಲಿ ನಿಂತಿದ್ದಾರೆ" ಎಂದೆ. "ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಪ್ರಮಾಣ ಹಾಳಾಗಿ ಹೋಗಲಿ."

ಅವರು ಮೆಟ್ಟಿಲಿಳಿದರು. ನಮ್ಮ ಬೀದಿಯ ಕೊನೆಯಲ್ಲಿ ಬಲಕ್ಕೆ ಹೋದರೆ ಅವರ ಮನೆ, ಎಡಕ್ಕೆ ಹೋದರೆ ಕಡವು. ಅಲ್ಲಿ ನಿಂತರು. ಬಿಸಿಲಿನಲ್ಲಿ ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹಾಕಿಕೊಂಡು ಎಷ್ಟು ಹೊತ್ತು ನಿಂತರೆಂದರೆ, ಒಂದು ಎಮ್ಮೆ ಬಂದು ಅವರನ್ನು ಬಳಸಿಕೊಂಡು ಹೋಯಿತು. ಆಮೇಲೆ ಎಡಕ್ಕೆ ತಿರುಗಿದರು.

ನಾನು ನೀಲಿ ಪುಸ್ತಕ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಅವರ ಹಿಂದೆ ಹೊರಟೆ. ಸಭೆ ಇನ್ನೂ ಮುಗಿದಿಲ್ಲ. ಅಧ್ಯಕ್ಷರು ಅಲ್ಲಿ ಏನು ಹೇಳಿದರೂ ಅದು ನಡಾವಳಿಗೆ ಸೇರಬೇಕು.